ಗುಂಡಿ ಒತ್ತುವ ಮೇಷ್ಟ್ರು, ಪಾಠ ಕಟ್ಟುವ ಮೇಷ್ಟ್ರು

ಪೀಣ್ಯದ ಮಷಿನ್ ಶಾಪುಗಳಲ್ಲಿ ಎರಡು ಬಗೆಯ ಕೆಲಸಗಾರರಿದ್ದಾರೆ. ಸಿಎನ್‌ಸಿ ಲೇತಿನ ಮುಂದೆ ನಿಂತು, ಜಾಬನ್ನು ಕಚ್ಚಿಸಿ, ಬಾಗಿಲು ಮುಚ್ಚಿ, ಹಸಿರು ಗುಂಡಿ ಒತ್ತುವವನು ಆಪರೇಟರ್. ಡ್ರಾಯಿಂಗ್ ಓದಿ, ಟೂಲು ಕೂರಿಸಿ, ಆಫ್‌ಸೆಟ್ ಕೊಟ್ಟು, ಮೊದಲ ಪೀಸನ್ನು ಅಳೆದು ನೋಡಿ, ಬೇಕಾದರೆ ಪ್ರೋಗ್ರಾಮನ್ನೇ ತಿದ್ದುವವನು ಸೆಟ್ಟರ್. ಯಂತ್ರ ಒಂದೇ, ಆದರೆ ಸಂಬಳ ಬೇರೆ, ಮರ್ಯಾದೆಯೂ ಬೇರೆ. ಅದಕ್ಕಿಂತ ಮುಖ್ಯವಾಗಿ, ಜಾಬು ಕೆಟ್ಟರೆ ಯಾಕೆ ಕೆಟ್ಟಿತೆಂದು ಹೇಳಬಲ್ಲವನು ಸೆಟ್ಟರ್. ನಮ್ಮ ನಾಡಿನಲ್ಲಿ ಶಾಲಾ ಶಿಕ್ಷಕರಿಗೆ ‘ತಂತ್ರಜ್ಞಾನ ಕಲಿಸುವ’ ಕೆಲಸ ಶುರುವಾಗಿ ಎರಡು ದಶಕಗಳ ಮೇಲಾಯಿತು. ಅವರನ್ನು ನಾವು ಆಪರೇಟರ್ ಮಾಡುತ್ತಿದ್ದೇವೆಯೋ, ಸೆಟ್ಟರ್ ಮಾಡುತ್ತಿದ್ದೇವೆಯೋ ಎಂಬುದೇ ಈ ಲೇಖನದ ಪ್ರಶ್ನೆ.

ಈ ಪ್ರಶ್ನೆಯನ್ನು ಬೆಂಗಳೂರಿನ ಅಂಚಿನಲ್ಲಿ ನಿಂತೇ ಕೇಳಬೇಕು. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಆರ್.ಕೆ. ಬಾಳಿಗರ ಮುತುವರ್ಜಿಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಜಮೀನಿನಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಲು ಹೊರಟಾಗ ಅಲ್ಲಿ ಒಂದು ದಿನ ಪಾಠವೂ ತಯಾರಾಗುತ್ತದೆ ಎಂದು ಯಾರೂ ಎಣಿಸಿರಲಿಕ್ಕಿಲ್ಲ. 1999ರಲ್ಲಿ ವೈಟ್‌ಫೀಲ್ಡಿನ ಐಟಿ ಪಾರ್ಕಿನಲ್ಲಿ ಆರಂಭವಾದ ಐಐಐಟಿ 2003ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಬಂತು. 2010ರಲ್ಲಿ ಸ್ಥಾಪನೆಯಾದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ತನ್ನ ಮೊದಲ ವರ್ಷಗಳನ್ನು ಇದೇ ಹೊಸೂರು ರಸ್ತೆಯಲ್ಲಿ ಕಳೆದು, ಆಮೇಲೆ ಸರ್ಜಾಪುರದ ಕಡೆಯ ಸ್ವಂತ ಆವರಣಕ್ಕೆ ಹೋಯಿತು. 2017ರ ಶಿಕ್ಷಕರ ದಿನದಂದು ಕೇಂದ್ರ ಸರ್ಕಾರ ಆರಂಭಿಸಿದ ‘ದೀಕ್ಷಾ’ ವೇದಿಕೆಯ ಒಳಗಿರುವ ತಂತ್ರಾಂಶ ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನ ಸಿದ್ಧಪಡಿಸಿದ್ದು. ಹೀಗೆ ದೇಶದ ಮಕ್ಕಳಿಗೂ ಮೇಷ್ಟ್ರುಗಳಿಗೂ ಪಾಠ ಒದಗಿಸುವ ಒಂದು ದೊಡ್ಡ ಕಾರ್ಖಾನೆಯೇ ಈ ನಗರದಲ್ಲಿದೆ. ಅದರ ಗಾಜಿನ ಗೋಡೆಗಳ ಆಚೆ ಸರ್ಕಾರಿ ಶಾಲೆಗಳಿವೆ. ಅಲ್ಲಿ ರಾಯಚೂರು, ಕಲಬುರಗಿಗಳಿಂದ ಬಂದ ಗಾರೆ ಕೆಲಸದವರ ಮಕ್ಕಳು, ಪೀಣ್ಯದ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಮಕ್ಕಳು, ಬಿಹಾರ ಬಂಗಾಳಗಳಿಂದ ಬಂದವರ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಗೋಡೆಯ ಈಚೆ ತಯಾರಾದ ಪಾಠ ಆಚೆಯವರಿಗೆ ತಲುಪುವುದು ಹೇಗೆ?

ಕತೆ ಬರೆಯುವ ನಮ್ಮಂಥವರಿಗೆ ಇದರಲ್ಲಿ ತಲೆಹಾಕುವ ಅಧಿಕಾರ ಏನಿದೆ ಎಂದು ಯಾರಾದರೂ ಕೇಳಬಹುದು. ಅಧಿಕಾರ ಇದೆ ಎಂದೇ ನಮ್ಮ ನಂಬಿಕೆ. ಆನ್‌ಲೈನ್ ಕೋರ್ಸು ಎಂಬುದೂ ಒಂದು ಕೃತಿ. ಅದಕ್ಕೆ ಹೇಳುವ ದನಿ ಇದೆ, ಕೇಳುವವರ ಬಗ್ಗೆ ಒಂದು ಕಲ್ಪನೆ ಇದೆ, ಆದಿ ಅಂತ್ಯಗಳಿವೆ. ನೂರು ಪ್ರತಿ ಮಾರಾಟವಾಗುವ ಕಥಾ ಸಂಕಲನಕ್ಕೆ ನಾವು ವಿಮರ್ಶೆ ಬರೆಯುತ್ತೇವೆ. ಲಕ್ಷಾಂತರ ಶಿಕ್ಷಕರು ಕಡ್ಡಾಯವಾಗಿ ‘ಓದಿ’ ಮುಗಿಸುವ ಕೋರ್ಸಿಗೆ ವಿಮರ್ಶಕನೇ ಇಲ್ಲ. ಇದು ಸೋಜಿಗವಲ್ಲವೇ?

ಅಂಥ ಒಂದು ಕೋರ್ಸನ್ನು ನಾವು ಉರ್ದು ಶಾಲೆಯ ಟೀಚರೊಬ್ಬರ ಜೊತೆ ಕೂತು ಮೊದಲಿನಿಂದ ಕೊನೆಯವರೆಗೆ ನೋಡಿದೆವು. ಅವರನ್ನು ನಾವು ಆಪಾ ಎಂದೇ ಕರೆಯುವುದು. ಕೋರ್ಸಿನ ಹೆಸರು ಇಲ್ಲಿ ಬೇಡ. ಇಂಥವು ಹತ್ತಾರಿವೆ, ಗುಣವೂ ಹೆಚ್ಚುಕಡಿಮೆ ಒಂದೇ. ಮೊದಲು ಕಲಿಕೆಯ ಉದ್ದೇಶಗಳ ಉದ್ದನೆಯ ಪಟ್ಟಿ ಬರುತ್ತದೆ. ಅದು ಇಂಗ್ಲಿಷಿನಲ್ಲಿ ಹುಟ್ಟಿ ಕನ್ನಡದ ಅಂಗಿ ತೊಟ್ಟದ್ದು ಎಂದು ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ಆಮೇಲೆ ಸ್ಲೈಡುಗಳನ್ನು ಓದಿ ಹೇಳುವ ಒಂದು ದನಿ. ತೆರೆಯ ಮೇಲೆ ಇರುವುದನ್ನೇ ಅದು ಗಿಣಿಯಂತೆ ಒಪ್ಪಿಸುತ್ತದೆ. ಉದಾಹರಣೆಗೆ ತೋರಿಸಿದ ತರಗತಿಯಲ್ಲಿ ಇಪ್ಪತ್ತು ಮಕ್ಕಳು, ಗುಂಡನೆಯ ಮೇಜು, ಬಣ್ಣದ ಕಾಗದ, ಗೋಡೆಗೆ ಪ್ರೊಜೆಕ್ಟರು. ಆಪಾ ಅವರ ಕೋಣೆಯಲ್ಲಿ ಮೂರು ತರಗತಿಗಳ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಕೊನೆಗೆ ಹತ್ತು ಪ್ರಶ್ನೆ, ಒಂದಕ್ಕೆ ನಾಲ್ಕು ಉತ್ತರ. ಅದಾದ ಮೇಲೆ ಸರ್ಟಿಫಿಕೇಟು.

“ಭಾಯಿ, ಇವರು ನನಗೆ ಏನೂ ಕೇಳಲಿಲ್ಲ ನೋಡಿ” ಎಂದರು ಆಪಾ. ಮಾತು ಸಣ್ಣದು, ಆದರೆ ವಿಮರ್ಶೆಯ ತಿರುಳು ಅದರಲ್ಲೇ ಇದೆ. ನಿಮ್ಮ ತರಗತಿಯಲ್ಲಿ ಎಷ್ಟು ಮಕ್ಕಳು, ಅವರು ಮನೆಯಲ್ಲಿ ಯಾವ ಭಾಷೆ ಆಡುತ್ತಾರೆ, ಕಳೆದ ವಾರ ಯಾವ ಪಾಠದಲ್ಲಿ ಅವರು ಮುಗ್ಗರಿಸಿದರು, ನೀವು ಆಗ ಏನು ಮಾಡಿದಿರಿ ಎಂದು ಇಡೀ ಕೋರ್ಸು ಎಲ್ಲಿಯೂ ಕೇಳುವುದಿಲ್ಲ. ಉತ್ತರ ಬರೆಯಲು ಜಾಗವೂ ಇಲ್ಲ. ಹದಿನೈದು ವರ್ಷ ಪಾಠ ಮಾಡಿದ ಅನುಭವ ಆ ತೆರೆಯ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. ಹಾಗಿರುವಾಗ ಶಿಕ್ಷಕರು ವಿಡಿಯೋವನ್ನು ಓಡಲು ಬಿಟ್ಟು ಅಡುಗೆಮನೆಗೆ ಹೋದರೆ, ಉತ್ತರಗಳನ್ನು ವಾಟ್ಸಾಪಿನಲ್ಲಿ ಹಂಚಿಕೊಂಡರೆ ತಪ್ಪು ಯಾರದು? ಕೇಳುಗನನ್ನು ಲೆಕ್ಕಕ್ಕಿಡದ ಕತೆಗಾರನ ಮುಂದೆ ಕೇಳುಗರು ಎದ್ದು ಹೋಗುತ್ತಾರೆ. ಇಲ್ಲಿ ಎದ್ದು ಹೋಗುವಂತಿಲ್ಲವಾದ್ದರಿಂದ ಹಾಜರಿ ಹಾಕಿ ಮನಸ್ಸನ್ನು ಮಾತ್ರ ಕರೆದೊಯ್ಯುತ್ತಾರೆ.

ಸರ್ಟಿಫಿಕೇಟಿನ ವಿಚಾರದಲ್ಲಿ ನಮ್ಮ ಹಳೆಯ ಪದ್ಧತಿಯೊಂದನ್ನು ನೆನೆಯುವುದು ತಪ್ಪಾಗದು. ಮುಸ್ಲಿಮರ ಸಾಂಪ್ರದಾಯಿಕ ವಿದ್ಯಾಭ್ಯಾಸದಲ್ಲಿ ‘ಇಜಾಝತ್’ ಎಂಬುದಿತ್ತು. ಶಿಷ್ಯ ಒಂದು ಗ್ರಂಥವನ್ನು ಉಸ್ತಾದರ ಎದುರು ಕೂತು ಓದಬೇಕು. ಅವರು ಕೇಳಿಸಿಕೊಂಡು, ತಿದ್ದಿ, ತೃಪ್ತಿಯಾದ ಮೇಲೆ, ಇವನು ನನ್ನಿಂದ ಇದನ್ನು ಕಲಿತಿದ್ದಾನೆ, ಇತರರಿಗೆ ಕಲಿಸಬಹುದು ಎಂದು ಹೆಸರು ಹಿಡಿದು ಅನುಮತಿ ಕೊಡುತ್ತಿದ್ದರು. ಅದನ್ನು ಕೊಡುತ್ತಿದ್ದುದು ಸಂಸ್ಥೆಯಲ್ಲ, ವ್ಯಕ್ತಿ. ಕೊಟ್ಟವರ ಮರ್ಯಾದೆ ಅದರಲ್ಲಿ ಅಡವಾಗಿರುತ್ತಿತ್ತು. ಇಂದಿನ ಕೋರ್ಸಿನ ಪ್ರಮಾಣಪತ್ರವನ್ನು ಕೊಡುವುದು ಯಂತ್ರ. ಓದಿದ್ದನ್ನು ಯಾರೂ ಕೇಳಿಸಿಕೊಂಡಿಲ್ಲ.

ಕೋರ್ಸು ಕಟ್ಟುವ ವಿದ್ಯೆಯೂ ಕಂಪ್ಯೂಟರಿನೊಡನೆ ಹುಟ್ಟಿದ್ದಲ್ಲ. ಲಖನೌದ ಫಿರಂಗಿ ಮಹಲಿನ ಮುಲ್ಲಾ ನಿಜಾಮುದ್ದೀನ್, 1748ರಲ್ಲಿ ತೀರಿಕೊಂಡವರು, ರೂಪಿಸಿದ ಪಾಠಕ್ರಮ ಅವರ ಹೆಸರಿನಿಂದಲೇ ‘ದರ್ಸೆ ನಿಜಾಮಿ’ ಎನಿಸಿತು. ಒಂದೊಂದು ವಿಷಯಕ್ಕೆ ಕಠಿಣವಾದ ಕೆಲವೇ ಕೃತಿಗಳನ್ನು ಆರಿಸುವುದು ಅದರ ಮರ್ಮ. ಅವನ್ನು ಅರಗಿಸಿಕೊಂಡವನು ಉಳಿದ ಗ್ರಂಥಗಳನ್ನು ತಾನೇ ಓದಿಕೊಳ್ಳಬಲ್ಲ. ಅಂದರೆ ಗುರಿ ಇದ್ದದ್ದು ಮಾಹಿತಿ ತುಂಬುವುದರಲ್ಲಲ್ಲ, ಓದುವ ಶಕ್ತಿ ಬೆಳೆಸುವುದರಲ್ಲಿ. ಅದೇ ದರ್ಸ್ ಮುಂದಿನ ತಲೆಮಾರುಗಳ ಕೈಯಲ್ಲಿ ಬದಲಿಸಲಾಗದ ಪಟ್ಟಿಯಾಗಿ ಹೆಪ್ಪುಗಟ್ಟಿತು ಎಂಬುದನ್ನೂ ಹೇಳಲೇಬೇಕು. ಕಟ್ಟಿದವರ ವಿವೇಕ ಮರೆತು ಕಟ್ಟಡವನ್ನಷ್ಟೇ ಕಾಯುವ ಈ ರೋಗ ಮದರಸಕ್ಕೂ ಇದೆ, ಇಲಾಖೆಗೂ ಇದೆ, ಸಾಫ್ಟ್‌ವೇರ್ ಕಂಪನಿಗೂ ಇದೆ.

ಈಗ ಕರ್ನಾಟಕದ ಕತೆಗೆ ಬರೋಣ. 2001ರಲ್ಲಿ ನಮ್ಮ ಸರ್ಕಾರ ‘ಮಾಹಿತಿ ಸಿಂಧು’ ಎಂಬ ಯೋಜನೆ ತಂದಿತು. ಸುಮಾರು ಒಂದು ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರು ಬಂದವು. ಅವನ್ನು ನೋಡಿಕೊಳ್ಳುವ, ಮಕ್ಕಳಿಗೆ ಕಲಿಸುವ ಹೊಣೆ ಖಾಸಗಿ ಕಂಪನಿಗಳಿಗೆ ಗುತ್ತಿಗೆಯಾಯಿತು. ಕಂಪನಿಗಳು ಅಲ್ಪ ಸಂಬಳಕ್ಕೆ ಬೋಧಕರನ್ನು ನೇಮಿಸಿದವು. ಗಣಿತದ ಮೇಷ್ಟ್ರು, ವಿಜ್ಞಾನದ ಮೇಡಂ ಆ ಕೋಣೆಯ ಹೊರಗೇ ಉಳಿದರು. ಕಂಪ್ಯೂಟರು ಎಂಬುದು ಬೇರೆಯೇ ಒಂದು ವಿಷಯ, ಅದಕ್ಕೆ ಬೇರೆಯೇ ಮೇಷ್ಟ್ರು ಎಂದಾಯಿತು. ಗುತ್ತಿಗೆ ಮುಗಿದಾಗ ಬೋಧಕರು ಹೋದರು. ಪಾಠ ಕಟ್ಟುವ ವಿದ್ಯೆ ಶಾಲೆಯಲ್ಲಿ ಉಳಿಯಲಿಲ್ಲ.

ಅದೇ ವರ್ಷಗಳಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಇನ್ನೊಂದು ದಾರಿ ಹಿಡಿಯಿತು. ಮಕ್ಕಳು ಆಟವಾಡುತ್ತಾ ಕಲಿಯುವಂಥ ಸಿಡಿಗಳನ್ನು ಭಾರತೀಯ ಭಾಷೆಗಳಲ್ಲಿ ತಯಾರಿಸಿ ಸರ್ಕಾರಿ ಶಾಲೆಗಳಿಗೆ ಕೊಟ್ಟಿತು. ನೂರಕ್ಕೂ ಹೆಚ್ಚು ಸಿಡಿಗಳು, 14 ರಾಜ್ಯಗಳು, ಸುಮಾರು 16,000 ಶಾಲೆಗಳು. ಸಿಡಿಗಳು ಚೆನ್ನಾಗಿಯೇ ಇದ್ದವು, ಮಕ್ಕಳಿಗೆ ಇಷ್ಟವೂ ಆದವು. ಆದರೆ ಕೆಲವು ವರ್ಷಗಳಲ್ಲಿ ಪ್ರತಿಷ್ಠಾನವೇ ಆ ದಾರಿಯನ್ನು ಬಿಟ್ಟಿತು. 2010ರ ಕೊನೆಗೆ ಅದರ ಮುಖ್ಯಸ್ಥರಲ್ಲೊಬ್ಬರಾದ ಅನುರಾಗ್ ಬೇಹರ್ ‘ಮಿಂಟ್’ ಪತ್ರಿಕೆಯಲ್ಲಿ ತಮ್ಮ ಅನುಭವವನ್ನು ಮುಚ್ಚುಮರೆಯಿಲ್ಲದೆ ಬರೆದರು. ಶಿಕ್ಷಣದ ನಿಜವಾದ ತೊಡಕುಗಳು ಶಿಕ್ಷಕರ ತಯಾರಿ, ಶಾಲೆಯ ವಾತಾವರಣಗಳಲ್ಲಿವೆ, ಕಂಪ್ಯೂಟರು ಅವನ್ನು ಬಿಡಿಸಲಾರದು ಎಂಬುದು ಅದರ ಸಾರ. ಕಂಪ್ಯೂಟರಿನಿಂದಲೇ ಬೆಳೆದ ಉದ್ಯಮಿಯ ಹಣದಿಂದ ನಡೆಯುವ ಸಂಸ್ಥೆ ಇಂಥ ಮಾತನ್ನು ಬಹಿರಂಗವಾಗಿ ಆಡಿತಲ್ಲ, ಅದನ್ನು ಮೆಚ್ಚಬೇಕು. ನಂತರ ಬಂದವರು ಅದನ್ನು ಓದಿಕೊಂಡಿದ್ದರೆ ಎಷ್ಟೋ ಹಣವೂ ಎಷ್ಟೋ ಬಾಲ್ಯವೂ ಉಳಿಯುತ್ತಿತ್ತು.

ಹಾಗಾದರೆ ಕಂಪ್ಯೂಟರೇ ಬೇಡವೇ? ಈ ತೀರ್ಮಾನಕ್ಕೆ ನಾವು ಬರುವುದಿಲ್ಲ. ಯಾಕೆಂದರೆ ಅದೇ 2001ರಲ್ಲಿ ನೆರೆಯ ಕೇರಳ ‘ಐಟಿ ಅಟ್ ಸ್ಕೂಲ್’ ಎಂಬ ಯೋಜನೆ ಆರಂಭಿಸಿತು. ಅದಕ್ಕೆ ದಾರಿ ತೋರಿಸಿದ ಸಮಿತಿಯ ಅಧ್ಯಕ್ಷರು ನಮ್ಮ ಉಡುಪಿ ಕಡೆಯ ವಿಜ್ಞಾನಿ ಯು.ಆರ್. ರಾವ್ ಎಂಬುದು ಕನ್ನಡಿಗರಿಗೆ ಹೆಚ್ಚು ಗೊತ್ತಿಲ್ಲ. ಕೇರಳ ಗುತ್ತಿಗೆಯ ದಾರಿ ಹಿಡಿಯದೆ, ಶಾಲೆಯ ಶಿಕ್ಷಕರಲ್ಲೇ ಕೆಲವರನ್ನು ಆರಿಸಿ ತರಬೇತುದಾರರನ್ನಾಗಿ ಮಾಡಿತು. ಕ್ರಮೇಣ ಯಾರ ಲೈಸೆನ್ಸಿನ ಹಂಗೂ ಇಲ್ಲದ ಸ್ವತಂತ್ರ ತಂತ್ರಾಂಶಕ್ಕೆ ಹೊರಳಿತು. ಮಲಯಾಳಂ ಮೇಷ್ಟ್ರು ತಾವೇ ಪಾಠ ತಯಾರಿಸಿ ಇನ್ನೊಬ್ಬರಿಗೆ ಕಲಿಸಿದರು. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಈ ಎರಡೂ ರಾಜ್ಯಗಳ ಮಾದರಿಗಳನ್ನು ಹೋಲಿಸಿ ಅಧ್ಯಯನ ಮಾಡಿ, ಕೇರಳದ ದಾರಿಯೇ ವಾಸಿ ಎಂದು ತೋರಿಸಿತ್ತು. ಆ ಯೋಜನೆ 2017ರಲ್ಲಿ ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಯಿತು. ಕೊರೋನಾ ಬಂದು ಶಾಲೆಗಳು ಮುಚ್ಚಿದಾಗ, 2020ರ ಜೂನ್ 1ಕ್ಕೇ ಅಲ್ಲಿ ‘ಫಸ್ಟ್ ಬೆಲ್’ ತರಗತಿಗಳು ಟಿವಿಯಲ್ಲಿ ಶುರುವಾದವು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಕನ್ನಡದ ಪಾಠಗಳೂ ಬಂದವು. ಅಷ್ಟು ಬೇಗ ಅದು ಸಾಧ್ಯವಾದದ್ದರಲ್ಲಿ ಇಪ್ಪತ್ತು ವರ್ಷ ಶಿಕ್ಷಕರ ಕೈ ಪಳಗಿಸಿದ್ದರ ಪಾಲು ದೊಡ್ಡದು.

ಕೇರಳವನ್ನು ಹೊಗಳಿ ನಮ್ಮನ್ನು ಹಳಿದುಕೊಳ್ಳುವುದು ಸುಲಭ. ಆದರೆ ಕಲಿಕೆಯನ್ನು ರೂಪಿಸುವ ವಿದ್ಯೆಯಲ್ಲಿ ಕರ್ನಾಟಕ ದೇಶಕ್ಕೇ ಕಲಿಸಿದ್ದೂ ಉಂಟು. ಅದು ಬೆಂಗಳೂರಿನಲ್ಲಿ ನಡೆಯಲಿಲ್ಲ, ಕಂಪ್ಯೂಟರಿನಿಂದಲೂ ನಡೆಯಲಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳ ಕೆಲವು ಶಿಕ್ಷಕರು ಯುನಿಸೆಫ್ ನೆರವಿನಲ್ಲಿ ಆಂಧ್ರದ ರಿಷಿ ವ್ಯಾಲಿ ಶಾಲೆಯನ್ನು ನೋಡಿ ಬಂದು, ‘ನಲಿ-ಕಲಿ’ಯನ್ನು ಕಟ್ಟಿದರು. ಪಠ್ಯವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು, ಒಂದೊಂದಕ್ಕೂ ಕಾರ್ಡು ಬರೆದರು. ಗೋಡೆಯ ಮೇಲೆ ಕಲಿಕಾ ಏಣಿ, ತಲೆಯ ಮೇಲೆ ಮಕ್ಕಳ ಚಿತ್ರ ತೂಗುವ ಕಲಿಕಾ ಚಪ್ಪರ. ಮಗು ತನ್ನ ವೇಗದಲ್ಲಿ ಏಣಿ ಹತ್ತುತ್ತದೆ. ಹದಿನೈದು ದಿನ ಜಾತ್ರೆಗೋ ಕೂಲಿಗೋ ಹೋಗಿದ್ದ ಮಗು ಮರಳಿ ಬಂದರೆ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಮಕ್ಕಳು ಐದು ತಟ್ಟೆಗಳಲ್ಲಿ, ಅಂದರೆ ಐದು ಗುಂಪುಗಳಲ್ಲಿ ಕೂರುತ್ತಾರೆ. ಒಂದು ಗುಂಪಿಗೆ ಮೇಷ್ಟ್ರ ಪೂರ್ತಿ ನೆರವು, ಇನ್ನೊಂದಕ್ಕೆ ಗೆಳೆಯರದು, ಮತ್ತೊಂದು ತಾನೇ ಕಲಿಯುತ್ತದೆ. ಇವತ್ತು ಪಾಠದ ಕಂಪನಿಗಳು ‘ಪ್ರತಿ ಮಗುವಿಗೂ ಅದರದೇ ವೇಗ’ ಎಂದು ಜಾಹೀರಾತು ಕೊಡುತ್ತವೆ. ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು ಅದನ್ನು ರಟ್ಟು, ಕತ್ತರಿ, ಬಣ್ಣದ ಪೆನ್ಸಿಲಿನಲ್ಲಿ ಮಾಡಿ ತೋರಿಸಿದ್ದರು.

ಅದರ ಮುಂದಿನ ಅಧ್ಯಾಯ ನೋವಿನದು. 2009-10ರಲ್ಲಿ ನಲಿ-ಕಲಿ ಇಡೀ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿತು. ಕಾರ್ಡುಗಳು ಮೇಲಿನಿಂದ ಅಚ್ಚಾಗಿ ಬಂದವು. ಮೊದಲು ಕಾರ್ಡು ಬರೆದ ಶಿಕ್ಷಕರಿಗೆ ಒಂದೊಂದು ಕಾರ್ಡು ಯಾಕೆ ಅಲ್ಲಿದೆ ಎಂದು ಗೊತ್ತಿತ್ತು. ಕಟ್ಟು ಬಿಚ್ಚಿ ಹಂಚಿದವರಿಗೆ ಅದು ಮತ್ತೊಂದು ಸರ್ಕಾರಿ ಸಾಮಾನು. ಕಾರ್ಡು ಅದೇ ಇದ್ದರೂ ಸೆಟ್ಟರ್ ಇದ್ದ ಜಾಗಕ್ಕೆ ಆಪರೇಟರ್ ಬಂದ. ತೊಡಕು ತಂತ್ರಜ್ಞಾನದಲ್ಲಿಲ್ಲ, ಕಾಗದದ ಕಾರ್ಡಿಗೂ ಹೀಗಾಗಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಕಂಪ್ಯೂಟರಿನ ಲೋಕದಲ್ಲಿಯೂ ನಮ್ಮವರು ಸರಿಯಾದ ಹೆಜ್ಜೆ ಇಟ್ಟದ್ದಿದೆ. 2011ರ ಹೊತ್ತಿಗೆ ಶಿಕ್ಷಣ ಇಲಾಖೆ ಐಟಿ ಫಾರ್ ಚೇಂಜ್ ಜೊತೆ ಸೇರಿ ಪ್ರೌಢಶಾಲೆಯ ಗಣಿತ, ವಿಜ್ಞಾನ, ಸಮಾಜ ಶಿಕ್ಷಕರನ್ನು ವಿಷಯವಾರು ಕೂಡಿಸಿತು. ಅದರಿಂದ 2013ರಲ್ಲಿ ‘ಕೋಯರ್’, ಅಂದರೆ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು ಎಂಬ ಭಂಡಾರ ಹುಟ್ಟಿತು. ವಿಕಿಪೀಡಿಯದ ಮಾದರಿಯಲ್ಲಿ ಶಿಕ್ಷಕರೇ ಬರೆಯಬಹುದು, ತಿದ್ದಬಹುದು. ಜಿಯೋಜೀಬ್ರಾ ಎಂಬ ಉಚಿತ ತಂತ್ರಾಂಶವನ್ನು ಕಲಿತ ಗಣಿತದ ಶಿಕ್ಷಕಿ ತ್ರಿಭುಜದ ಮೂಲೆಯನ್ನು ಎಳೆದಾಡಿ ತೋರಿಸುತ್ತಾರೆ. ಆಕಾರ ಎಷ್ಟೇ ಬದಲಾದರೂ ಮೂರು ಕೋನಗಳ ಮೊತ್ತ 180 ಡಿಗ್ರಿಯೇ. ಕಪ್ಪುಹಲಗೆಯಲ್ಲಿ ಒಂದು ತ್ರಿಭುಜ ಬರೆದು ನಂಬಿ ಎಂದು ಹೇಳುತ್ತಿದ್ದ ಮಾತು ಈಗ ಮಕ್ಕಳೇ ಎಳೆದು ನೋಡಿ ಒಪ್ಪುವ ಸಂಗತಿಯಾಯಿತು. ತಂತ್ರಜ್ಞಾನ ಕಲಿಯುವುದು ಎಂದರೆ ಇದು. ಯಾವ ಪಾಠಕ್ಕೆ ಯಂತ್ರ ಬೇಕು, ಯಾವುದಕ್ಕೆ ಬೇಡ ಎಂದು ಹೇಳಬಲ್ಲವರು ಆ ಶಿಕ್ಷಕಿಯೇ.

ಈ ಕಲಿಕೆಯಲ್ಲಿ ಭಾಷೆಯ ಮುಳ್ಳುಗಳೂ ಇವೆ. ‘ಬರಹ’ 1998ರಲ್ಲಿ ಬಂತು, ಆಮೇಲೆ ‘ನುಡಿ’ ಬಂತು, ಅವು ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಆದರೆ ಅವುಗಳ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ ಟಿಪ್ಪಣಿಯನ್ನು ಮೊಬೈಲಿನಲ್ಲಿ ತೆರೆದರೆ ಕಾಣುವುದು ಕಾಗೆ ಕಾಲಿನ ಗುರುತು. 1991ರಿಂದಲೇ ಯುನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನವಿದ್ದರೂ ಎಷ್ಟೋ ಶಿಕ್ಷಕರ ವರ್ಷಗಳ ದುಡಿಮೆ ಈ ಹಳೆಯ ಕಡತಗಳಲ್ಲಿ ಸಿಕ್ಕಿಹಾಕಿಕೊಂಡಿತು. ಉರ್ದುವಿನ ಪಾಡು ಇನ್ನೂ ಕಷ್ಟದ್ದು. 1994ರಲ್ಲಿ ಬಂದ ‘ಇನ್‌ಪೇಜ್’ ಉರ್ದು ಪತ್ರಿಕೆಗಳ ಜೀವ ಉಳಿಸಿತು, ಆದರೆ ಅದರ ಹಳೆಯ ಕಡತ ಬೇರೆಡೆ ತೆರೆಯದು. ಬಲದಿಂದ ಎಡಕ್ಕೆ ಹೋಗುವ ಸಾಲಿನ ನಡುವೆ ಒಂದು ಗಣಿತದ ಸಮೀಕರಣ ಬಂದರೆ ಎಲ್ಲವೂ ತಲೆಕೆಳಗು. ರಾಜ್ಯದಲ್ಲಿ ಉರ್ದು ಮಾಧ್ಯಮದ ಸರ್ಕಾರಿ ಶಾಲೆಗಳು ಸಾವಿರಾರಿವೆ. ಎರಡು ದಿನದ ತರಬೇತಿ ಶಿಬಿರಗಳಲ್ಲಿ ಈ ಸಣ್ಣ ಸಂಗತಿಗಳನ್ನು ಕಲಿಸಿದರೆ ಸಾಕು, ದೊಡ್ಡ ಭಾಷಣಗಳಿಗಿಂತ ಹೆಚ್ಚು ಉಪಯೋಗ.

ಕೊರೋನಾ ಕಾಲ ಈ ಎಲ್ಲ ಮಾತುಗಳನ್ನು ಪರೀಕ್ಷೆಗೆ ಒಡ್ಡಿತು. 2020ರ ಜೂನಿನಲ್ಲಿ ಕರ್ನಾಟಕ ಸರ್ಕಾರ ಎಳೆಯ ಮಕ್ಕಳಿಗೆ ಆನ್‌ಲೈನ್ ತರಗತಿ ಕೂಡದೆಂದು ಆದೇಶಿಸಿತು. ಜುಲೈ 8ರಂದು ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ಆಗಸ್ಟಿನಲ್ಲಿ ‘ವಿದ್ಯಾಗಮ’ ಶುರುವಾಗಿ ಶಿಕ್ಷಕರು ದೇವಸ್ಥಾನದ ಜಗಲಿ, ಮರದ ನೆರಳುಗಳಲ್ಲಿ ಮಕ್ಕಳನ್ನು ಕೂಡಿಸಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಅದೇ ಸೆಪ್ಟೆಂಬರಿನಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ, ಕರ್ನಾಟಕವೂ ಸೇರಿದಂತೆ 5 ರಾಜ್ಯಗಳ 1,522 ಸರ್ಕಾರಿ ಶಾಲೆಗಳ ಅಧ್ಯಯನವೊಂದನ್ನು ಹೊರತಂದಿತು. ಶೇ. 60ಕ್ಕಿಂತ ಹೆಚ್ಚು ಮಕ್ಕಳಿಗೆ ಆನ್‌ಲೈನ್ ಪಾಠ ಕೈಗೆಟುಕಿರಲಿಲ್ಲ. ಶೇ. 80ಕ್ಕಿಂತ ಹೆಚ್ಚು ಶಿಕ್ಷಕರು ಮಕ್ಕಳೊಡನೆ ಮನಸ್ಸಿನ ನಂಟು ಇಟ್ಟುಕೊಳ್ಳಲಾಗುತ್ತಿಲ್ಲ ಎಂದಿದ್ದರು. 2021ರ ಫೆಬ್ರವರಿಯಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ 16,067 ಮಕ್ಕಳನ್ನು ನೋಡಲಾಗಿತ್ತು. ಅವರಲ್ಲಿ ಶೇ. 92ರಷ್ಟು ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಭಾಷಾ ಕೌಶಲಗಳಲ್ಲಿ ಒಂದನ್ನಾದರೂ ಮರೆತಿದ್ದರು.

ಈ ಅಂಕಿಗಳ ಹಿಂದಿನ ಮುಖಗಳು ನಮಗೆ ಹೊಸವಲ್ಲ. ಶೀಟಿನ ಮನೆ, ಒಂದೇ ಮೊಬೈಲು, ಅದೂ ಅಪ್ಪನ ಶಿಫ್ಟಿನ ಜೊತೆ ಕಾರ್ಖಾನೆಗೆ ಹೋಗಿ ರಾತ್ರಿ ಮರಳುತ್ತಿತ್ತು. ಮೂವರು ಮಕ್ಕಳಿದ್ದಲ್ಲಿ ಮೊಬೈಲು ಗಂಡುಮಗನ ಕೈಗೆ, ಹೆಣ್ಣುಮಗಳ ಕೈಗೆ ಸೌಟು. ಸಾಫ್ಟ್‌ವೇರ್ ಕಂಪನಿಗಳ ಕೂಗಳತೆಯಲ್ಲೇ ಹೀಗಿತ್ತು. ಅದೇ ಕಾಲದಲ್ಲಿ ಬೆಂಗಳೂರಿನ ಬೈಜೂಸ್ ದೇಶದ ಅತಿ ದೊಡ್ಡ ಪಾಠದ ಕಂಪನಿಯಾಗಿ ಬೆಳೆಯುತ್ತಿತ್ತು. 2022ರಲ್ಲಿ ಅದರ ಬೆಲೆ 22 ಶತಕೋಟಿ ಡಾಲರ್ ಎಂದಿದ್ದರು. 2024ರಲ್ಲಿ ಅದು ದಿವಾಳಿ ನ್ಯಾಯಮಂಡಳಿಯ ಮುಂದೆ ನಿಂತಿತು.

ಇಲ್ಲಿ ಎದುರು ವಾದವನ್ನೂ ನ್ಯಾಯವಾಗಿ ಕೇಳಬೇಕು. ಒಳ್ಳೆಯ ಶಿಕ್ಷಕರು ಎಲ್ಲೆಡೆ ಇಲ್ಲ, ಒಬ್ಬ ಒಳ್ಳೆಯ ಶಿಕ್ಷಕನ ಪಾಠವನ್ನು ಎಲ್ಲರಿಗೂ ಮುಟ್ಟಿಸುವುದರಲ್ಲಿ ತಪ್ಪೇನು ಎನ್ನುತ್ತಾರೆ. ತಪ್ಪಿಲ್ಲ. ಐಐಟಿಗಳೂ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಪಾಠಗಳಿಂದ ಸಣ್ಣ ಊರಿನ ಎಷ್ಟೋ ಎಂಜಿನಿಯರಿಂಗ್ ಹುಡುಗರಿಗೆ ಉಪಕಾರವಾಗಿದೆ. ಆದರೆ ಅದು ಓದುವ ಶಕ್ತಿ ಆಗಲೇ ಬಂದವರ ಮಾತು. ಹಾರ್ವರ್ಡ್ ಮತ್ತು ಎಂಐಟಿಯ ಆನ್‌ಲೈನ್ ಕೋರ್ಸುಗಳನ್ನು ಪರಿಶೀಲಿಸಿದ ಸಂಶೋಧಕರು 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದಂತೆ, 2017-18ರಲ್ಲಿ ಸೇರಿದವರಲ್ಲಿ ಕೋರ್ಸು ಮುಗಿಸಿದವರು ನೂರಕ್ಕೆ ಸುಮಾರು ಮೂವರು. ಪ್ರಪಂಚದ ಶ್ರೇಷ್ಠ ಪ್ರಾಧ್ಯಾಪಕರ ಪಾಠಕ್ಕೇ ಈ ಗತಿ. ಪಾಠ ಒದಗಿಸುವುದೇ ಬೇರೆ, ಕಲಿಸುವುದೇ ಬೇರೆ.

ಕೋರ್ಸು ಕಟ್ಟುವ ಕಸುಬಿನ ಬಗ್ಗೆ ತಿಳಿದದ್ದು ಈಗ ಕಡಿಮೆಯೇನಿಲ್ಲ. 2014ರಲ್ಲಿ ಎಡ್‌ಎಕ್ಸ್ ವೇದಿಕೆಯ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದಾಗ, ಆರು ನಿಮಿಷ ದಾಟಿದ ವಿಡಿಯೋ ನೋಡುವ ತಾಳ್ಮೆ ಹೆಚ್ಚಿನವರಿಗಿಲ್ಲ ಎಂದು ಕಂಡಿತು. ಬರೀ ಸ್ಲೈಡಿಗಿಂತ ಕೈಯಲ್ಲಿ ಬರೆಯುತ್ತಾ ವಿವರಿಸುವ ಶಿಕ್ಷಕನನ್ನು ಜನ ಹೆಚ್ಚು ಹೊತ್ತು ನೋಡುತ್ತಾರೆ ಎಂದೂ ಕಂಡಿತು. ಮತ್ತೆ ಮತ್ತೆ ಓದುವುದಕ್ಕಿಂತ, ಪುಸ್ತಕ ಮುಚ್ಚಿ ನೆನಪಿನಿಂದ ಹೇಳಲು ಯತ್ನಿಸಿದರೆ ವಾರದ ನಂತರವೂ ಹೆಚ್ಚು ಉಳಿಯುತ್ತದೆ ಎಂದು ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದರು. ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದ ಹಳೆಯ ಮೇಷ್ಟ್ರಿಗೂ, ನಿನ್ನೆಯ ಸಬಕ್ ಒಪ್ಪಿಸದೆ ಇಂದಿನದು ಕೊಡದ ಉಸ್ತಾದರಿಗೂ ಇದು ಗೊತ್ತಿತ್ತು. ಇದನ್ನೆಲ್ಲ ಶಿಕ್ಷಕರ ಮುಂದೆ ಇಟ್ಟು, ನಿಮ್ಮ ತರಗತಿಗೆ ಒಂದು ಐದು ನಿಮಿಷದ ಪಾಠ ನೀವೇ ಮಾಡಿ, ಪಕ್ಕದ ಶಾಲೆಯವರಿಗೆ ತೋರಿಸಿ, ಅವರು ಏನೆಂದರು ಬರೆಯಿರಿ ಎಂದು ಕೇಳುವ ಕೋರ್ಸು ಯಾಕೆ ಅಪರೂಪ? ಹಾಗೆ ಮಾಡಿದರೆ ಓದಿ ತಿದ್ದಲು ಮನುಷ್ಯರು ಬೇಕಾಗುತ್ತಾರೆ. ಯಂತ್ರದ ಸರ್ಟಿಫಿಕೇಟು ಅಗ್ಗ.

ಈಗ ಕೃತಕ ಬುದ್ಧಿಮತ್ತೆಯ ಸರದಿ. ಬೆಂಗಳೂರಿನ ಶಿಕ್ಷಣ ಫೌಂಡೇಶನ್ ಮತ್ತು ಮೈಕ್ರೋಸಾಫ್ಟ್ ರಿಸರ್ಚ್ ಸೇರಿ ‘ಶಿಕ್ಷಾ ಕೋಪೈಲಟ್’ ಎಂಬ ಸಾಧನ ರೂಪಿಸಿ ಕರ್ನಾಟಕದ ಸರ್ಕಾರಿ ಶಾಲೆಗಳ ಶಿಕ್ಷಕರಿಗೆ ಕೊಟ್ಟಿವೆ. ನಮ್ಮ ಪಠ್ಯಪುಸ್ತಕವನ್ನೇ ಆಧರಿಸಿ ಅದು ಪಾಠಯೋಜನೆ ಬರೆದುಕೊಡುತ್ತದೆ, ಶಿಕ್ಷಕರು ತಿದ್ದಿಕೊಳ್ಳಬಹುದು. ಕಡತ ತುಂಬುವ ದುಡಿಮೆಯಿಂದ ಬಿಡುವು ಸಿಕ್ಕಿ ಆ ಹೊತ್ತು ಮಕ್ಕಳಿಗೆ ಹೋಗುವುದಾದರೆ ಅದನ್ನು ಸ್ವಾಗತಿಸೋಣ. ಆದರೆ ಯಂತ್ರ ಬರೆದದ್ದರಲ್ಲಿ ಯಾವ ಉದಾಹರಣೆ ತನ್ನ ಊರಿನ ಮಗುವಿಗೆ ಹೊಂದದು, ಯಾವ ಹೆಜ್ಜೆ ಬಿಟ್ಟುಹೋಗಿದೆ ಎಂದು ಗುರುತಿಸಲು ಮೊದಲು ತಾನೇ ಪಾಠ ಕಟ್ಟಿ ಗೊತ್ತಿರಬೇಕು. ಆಪರೇಟರ್ ಆಗಿಯೇ ಉಳಿದವರ ಕೈಗೆ ಇದು ಬಂದರೆ ಮತ್ತೊಂದು ಹಸಿರು ಗುಂಡಿ, ಅಷ್ಟೆ.

ಆದ್ದರಿಂದ ಇನ್ನು ಮುಂದೆ ಯಾವುದೇ ಕೋರ್ಸು, ಯಾವುದೇ ಆಪ್ ಶಾಲೆಯ ಬಾಗಿಲಿಗೆ ಬಂದಾಗ ಮೂರು ಪ್ರಶ್ನೆ ಕೇಳಬೇಕು. ಶಿಕ್ಷಕರು ಇದನ್ನು ತಿದ್ದಬಹುದೇ? ಅವರ ತರಗತಿಯ ಬಗ್ಗೆ ಇದು ಏನನ್ನಾದರೂ ಕೇಳುತ್ತದೆಯೇ? ಅವರು ಬರೆದದ್ದನ್ನು ಇನ್ನೊಬ್ಬ ಶಿಕ್ಷಕರು ಓದುತ್ತಾರೆಯೇ? ಮೂರಕ್ಕೂ ಇಲ್ಲ ಎಂಬ ಉತ್ತರ ಬಂದರೆ ಅದನ್ನು ತರಬೇತಿ ಎಂದು ಕರೆಯುವುದು ಬೇಡ.

ಇದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. ಗಣತಿ, ಚುನಾವಣೆ, ಮೊಟ್ಟೆಯ ಲೆಕ್ಕಗಳಿಂದ ಬಿಡಿಸಿ ವಾರಕ್ಕೆ ಎರಡು ಗಂಟೆ ಶಿಕ್ಷಕರಿಗೆ ಕೊಡಬೇಕು. ಕ್ಲಸ್ಟರಿನ ಏಳೆಂಟು ಶಾಲೆಯವರು ಒಂದೆಡೆ ಕೂರಬೇಕು. ಕನ್ನಡ, ಉರ್ದು, ತಮಿಳು, ತೆಲುಗು ಶಾಲೆಯವರು ಬೇರೆ ಬೇರೆ ಅಲ್ಲ, ಒಟ್ಟಿಗೆ, ಯಾಕೆಂದರೆ ಭಿನ್ನರಾಶಿಯಲ್ಲಿ ಮಕ್ಕಳು ಮುಗ್ಗರಿಸುವ ಜಾಗ ಎಲ್ಲ ಭಾಷೆಯಲ್ಲೂ ಒಂದೇ. ಆಪಾ ಈಚೆಗೆ ತಮ್ಮ ಮೊಬೈಲಿನಲ್ಲಿ ರೊಟ್ಟಿಯನ್ನು ಕಾಲು, ಅರೆ, ಮುಕ್ಕಾಲು ಮಾಡುತ್ತಾ ಉರ್ದುವಿನಲ್ಲೂ ಕನ್ನಡದಲ್ಲೂ ಒಂದು ನಾಲ್ಕು ನಿಮಿಷದ ವಿಡಿಯೋ ಮಾಡಿದ್ದಾರೆ. ಬೆಳಕು ಸಾಲದು, ಹಿಂದೆ ಕುಕ್ಕರಿನ ಸೀಟಿ ಕೇಳುತ್ತದೆ. ಪಕ್ಕದ ಕನ್ನಡ ಶಾಲೆಯ ಮೇಷ್ಟ್ರು ಅದನ್ನು ನೋಡಿ, ಮುಕ್ಕಾಲಿನ ಹತ್ತಿರ ಇನ್ನೊಂದು ಸಲ ನಿಲ್ಲಿಸಿ ಎಂದು ಹೇಳಿ ಕಳಿಸಿದರಂತೆ. ಆಪಾ ಈಗ ಅದನ್ನು ತಿದ್ದುತ್ತಿದ್ದಾರೆ.